ಕಡಿಮೆ ಬಿದ್ದರೆ ನಂಬಬೇಕು

ಇಪ್ಪತ್ತು ಮುಖದ ದಾಳ ಊಟದ ಮೇಜಿನ ಮೇಲೆ ಉರುಳಿ, ನೀರಿನ ಲೋಟಕ್ಕೆ ತಗುಲಿ, ಮೂರಕ್ಕೆ ನಿಂತಿತು.

"ಸೇತುವೆ ಗಟ್ಟಿ ಇದೆ ಅಂತ ಕಾವಲುಗಾರ ಹೇಳಿದ್ದು ನಿಜ ಅಂತ ನಿಮಗೆ ಅನಿಸುತ್ತೆ, ಅತ್ತಿಗೆ," ಎಂದ ಮೈದುನ. ಆಟದ ಕಥೆ ಕಟ್ಟುವವನು ಅವನೇ. ಕಾವಲುಗಾರ, ರಾಜ, ರಾಕ್ಷಸ ಎಲ್ಲರ ಪರವಾಗಿ ಮಾತಾಡುವವನೂ ಅವನೇ. ಅದಕ್ಕೇ ಮನೆಯಲ್ಲಿ ಅವನಿಗೆ ಸೂತ್ರಧಾರ ಎಂದು ಹೆಸರು. ಆಡುವವರು ಇಬ್ಬರು. ಅಣ್ಣ ಫ್ರಿಜ್ ಅಂಗಡಿಯಲ್ಲಿ ಸೇಲ್ಸ್‌ಮನ್, ಆಟದಲ್ಲಿ ಮಹಾಶೂರ. ಅತ್ತಿಗೆಗೆ ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ. ಬೆಳಗಿನಿಂದ ಹನಿ ನೀರೂ ಮುಟ್ಟಿಲ್ಲ ಎಂದು ಆಣೆ ಮಾಡುವವರ ತುಟಿಯಂಚಿನ ಬಿಸ್ಕತ್ತಿನ ಪುಡಿಯನ್ನು ದಿನಾ ನೋಡುವವಳು. ಹಾಗಾಗಿ ಕತ್ತಿಯೂ ಬೇಡ, ಮಂತ್ರವೂ ಬೇಡ ಎಂದು ತನ್ನ ಪಾತ್ರಕ್ಕೆ ಸುಳ್ಳು ಹಿಡಿಯುವ ವಿದ್ಯೆಯೊಂದನ್ನೇ ಕೇಳಿ ಪಡೆದಿದ್ದಳು.

"ಮೂರು ಬಿದ್ದಿದೆಯಲ್ಲೋ. ಅಂದ್ರೆ ಅವನು ಸುಳ್ಳು ಹೇಳಿರಬಹುದು."

"ಅದು ನಿಮಗೆ ಗೊತ್ತು. ನಿಮ್ಮ ಪಾತ್ರಕ್ಕೆ ಗೊತ್ತಿಲ್ಲ. ಹೆಚ್ಚು ಬಿದ್ರೆ ಸುಳ್ಳು ಸಿಕ್ಕಿಬೀಳುತ್ತೆ, ಕಡಿಮೆ ಬಿದ್ರೆ ನಂಬಬೇಕು. ಪುಸ್ತಕದಲ್ಲಿರೋ ನಿಯಮ."

"ಗೊತ್ತಿದ್ದೂ ಗೊತ್ತಿಲ್ಲದವಳ ಹಾಗೆ ಸೇತುವೆ ಹತ್ತಬೇಕಾ?"

"ಅದೇ ಆಟ."

"ಇದನ್ನ ಕಲಿಸೋಕೆ ಇಷ್ಟು ದಪ್ಪ ಪುಸ್ತಕ ಬೇಕಾಯ್ತಾ? ನಾನು ಮದುವೆ ಆದಾಗಿಂದ ಆಡ್ತಿದೀನಿ."

ಅಣ್ಣ ಹೊಟ್ಟೆ ಹಿಡಿದುಕೊಂಡು ನಕ್ಕ. ತಮಾಷೆ ಯಾರ ಮೇಲೆ ಎಂದು ವಿಚಾರಿಸುವ ಅಭ್ಯಾಸ ಅವನಿಗಿರಲಿಲ್ಲ. ಅತ್ತಿಗೆ ಶಿಸ್ತಾಗಿ ನಂಬಿದಳು. ಸೇತುವೆಯೂ ಶಿಸ್ತಾಗಿ ಮುರಿಯಿತು. ಅವಳ ಕುದುರೆ ಹೊಳೆಯ ಪಾಲಾಯಿತು. "ಬೇಜಾರು ಮಾಡ್ಕೋಬೇಡಿ ಅತ್ತಿಗೆ," ಎಂದ ಸೂತ್ರಧಾರ. ಕುದುರೆಯನ್ನು ಕೊಂದ ಪಾಪ ಅವನನ್ನು ನಿಜಕ್ಕೂ ಕಾಡುತ್ತಿತ್ತು.

ಅತ್ತಿಗೆಗೆ ಕುದುರೆಯ ಚಿಂತೆಯಿರಲಿಲ್ಲ. ಬೇರೆ ಊರಿನಲ್ಲಿ ತೆರೆಯುವ ಹೊಸ ಲ್ಯಾಬಿಗೆ ಅವಳನ್ನೇ ಮುಖ್ಯಸ್ಥೆಯಾಗಿ ಕರೆದಿದ್ದರು. ಒಪ್ಪಿಗೆಯೋ ಇಲ್ಲವೋ, ಇವತ್ತೇ ಹೇಳಬೇಕು. ಆ ಊರಿನಲ್ಲಿ ಅಣ್ಣನ ಕಂಪನಿಯ ಅಂಗಡಿಯೂ ಇತ್ತು. ವರ್ಗಾವಣೆಗೆ ಮ್ಯಾನೇಜರ್ ಹತ್ತಿರ ಮಾತಾಡಿದ್ದೇನೆ, 'ನೋಡೋಣ' ಅಂದಿದ್ದಾರೆ ಎಂದು ಅಣ್ಣ ಹೇಳುತ್ತಲೇ ಬಂದಿದ್ದ. ಇಬ್ಬರೂ ಹೋಗುವುದಾದರೆ ಸರಿ, ಇಲ್ಲವಾದರೆ ಹೇಗೆ ಎಂದು ಅತ್ತಿಗೆ ಆ ಒಂದು 'ನೋಡೋಣ'ಕ್ಕೆ ಜೋತುಬಿದ್ದಿದ್ದಳು.

"ಕೊಡು ಇಲ್ಲಿ, ಈಗ ನನ್ನ ಸರದಿ," ಎಂದು ಅಣ್ಣ ಕೈಚಾಚಿದ.

ಅತ್ತಿಗೆ ದಾಳ ಬಿಡಲಿಲ್ಲ. "ಇರಿ, ಇನ್ನೊಬ್ಬರನ್ನ ಪರೀಕ್ಷೆ ಮಾಡೋದಿದೆ. ರೀ, ಮ್ಯಾನೇಜರ್ ಹತ್ರ ನಿಜವಾಗ್ಲೂ ಮಾತಾಡಿದ್ರಾ?"

ಸೂತ್ರಧಾರ ಗಾಬರಿಯಿಂದ ಪುಸ್ತಕ ತಿರುವಿಹಾಕಿದ. "ಅತ್ತಿಗೆ, ಜೊತೆಗಾರರ ಮೇಲೆ ಈ ವಿದ್ಯೆ ಬಳಸೋ ಹಾಗಿಲ್ಲ."

"ಜೊತೆಗಾರರು ಹೌದೋ ಅಲ್ವೋ ಅಂತಾನೇ ಕಣೋ ನಾನು ಕೇಳ್ತಿರೋದು."

"ಮಾತಾಡಿದೀನಿ ಅಂತ ಎಷ್ಟು ಸಲ ಹೇಳ್ಲಿ?" ಎಂದ ಅಣ್ಣ. ಗಿರಾಕಿಗೆ 'ಈ ರೇಟು ನಿಮಗೆ ಮಾತ್ರ ಸರ್' ಎನ್ನುವಾಗಿನ ದನಿ ಅದು. "ಹಾಕು, ಹಾಕು ನಿನ್ನ ದಾಳ. ನನಗೇನು ಭಯ?"

ಅತ್ತಿಗೆ ಹಾಕಿದಳು. ದಾಳ ಮೇಜಿನ ಅಂಚಿನವರೆಗೂ ಹೋಯಿತು, ಬೀಳುತ್ತದೆ ಅನ್ನುವಷ್ಟರಲ್ಲಿ ನಿಂತಿತು. ಎರಡು.

ಅಣ್ಣ ಕುರ್ಚಿಯಿಂದ ಹಾರಿಯೇಬಿಟ್ಟ. "ಎರಡು! ಎರಡು ಕಣೇ! ಬದುಕಿದೆ! ಈಗ ನಂಬಲೇಬೇಕು. ನಿಯಮ ಅಂದ್ರೆ ನಿಯಮ, ಅಲ್ವೇನೋ ಸೂತ್ರಧಾರ?" ಹೋದ ವಾರ ರಾಕ್ಷಸನ ತಲೆ ಕಡಿದಾಗಲೂ ಅವನು ಇಷ್ಟು ಕುಣಿದಿರಲಿಲ್ಲ.

ಹೌದು ಅನ್ನಲು ಬಾಯಿ ತೆರೆದ ಸೂತ್ರಧಾರ, ಅತ್ತಿಗೆಯ ಮುಖ ನೋಡಿ ಪುಸ್ತಕ ಮುಚ್ಚಿಟ್ಟ.

"ಅಲ್ಲಾ ರೀ," ಅತ್ತಿಗೆ ಮೆಲ್ಲಗೆ ಕೇಳಿದಳು, "ನಿಜ ಹೇಳಿದವರಿಗೆ ಎರಡು ಬಿದ್ರೇನು, ಇಪ್ಪತ್ತು ಬಿದ್ರೇನು?"

ಅಣ್ಣನ ಎತ್ತಿದ ಕೈ ಎತ್ತಿದಲ್ಲೇ ಉಳಿಯಿತು. "ಅಯ್ಯೋ, ನಾನು ಅದು... ಆಟಕ್ಕೆ ಹೇಳಿದ್ದು ಕಣೇ."

"ಗೊತ್ತಾಯ್ತು ಬಿಡಿ. ನಿಯಮ ಮುರಿಯೋದು ಬೇಡ. ನಂಬಿದೆ."

ಅವಳು ಫೋನ್ ಎತ್ತಿಕೊಂಡು, ಅಲ್ಲೇ ಇಬ್ಬರ ಎದುರೇ ಲ್ಯಾಬಿನ ಯಜಮಾನರಿಗೆ ಕರೆ ಮಾಡಿದಳು. ದನಿಯಲ್ಲಿ ಸಿಟ್ಟಿರಲಿಲ್ಲ, ಅಳುವೂ ಇರಲಿಲ್ಲ.

"ಒಪ್ಪಿಗೆ ಸರ್. ಸೋಮವಾರವೇ ಬರ್ತೀನಿ. ಮನೆನಾ? ದೊಡ್ಡದೇನೂ ಬೇಡ ಸರ್, ಒಂದು ಕೋಣೆದು ಸಾಕು."

ಆ ಕಡೆಯವರು ಏನೋ ಕೇಳಿದರು. ಅತ್ತಿಗೆ ಗಂಡನನ್ನೇ ನೋಡುತ್ತ, ತುಂಬಾ ಮರ್ಯಾದೆಯಿಂದ ಉತ್ತರ ಕೊಟ್ಟಳು.

"ನಮ್ಮನೆಯವರಾ? ಮ್ಯಾನೇಜರ್ ಹತ್ರ ಮಾತಾಡಿದಾರಂತೆ."