ಕೆಂಪು ಪಟ್ಟಿ

‘ಮರಣ ದಾಖಲಾಗಿದೆ’ ಎಂಬ ಸಾಲು ಪರದೆಯ ಮೇಲೆ ಮೂಡಿದಾಗ ನೋಂದಣಿ ಕಚೇರಿಯ ಹಿರಿಯ ಗುಮಾಸ್ತೆ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ಹೊಸ ತಂತ್ರಾಂಶದ ಅಭ್ಯಾಸಕ್ಕೆಂದು ಅವರು ತುಂಬಿದ್ದು ಸ್ವಂತ ಗಂಡನ ಹೆಸರನ್ನು. “ಇನ್ಯಾರದು ಹಾಕ್ಲಿ ಹೇಳಮ್ಮಾ? ಬೇರೆಯವರದು ಹಾಕಿದ್ರೆ ಜಗಳಕ್ಕೆ ಬರ್ತಾರೆ. ನಮ್ಮ ಯಜಮಾನ್ರು ಕಲ್ಲುಗುಂಡಿನ ಹಾಗಿದಾರೆ.”

ಪಕ್ಕದಲ್ಲಿ ಕೂತು ಟಿಪ್ಪಣಿ ಬರೆದುಕೊಳ್ಳುತ್ತಿದ್ದ ಡಿಸೈನರ್ ಕೂಡ ನಕ್ಕಳು. ಜನನ ಮರಣಗಳನ್ನು ಬ್ಲಾಕ್‌ಚೈನ್‌ನಲ್ಲಿ ಬರೆದಿಡುವ ಈ ತಂತ್ರಾಂಶದ ಒಂದೊಂದು ಪುಟವನ್ನೂ ರೂಪಿಸಿದವಳು ಅವಳು. ಒಮ್ಮೆ ಬರೆದದ್ದನ್ನು ಬ್ರಹ್ಮ ಬಂದರೂ ಅಳಿಸಲಾರ ಎಂಬುದೇ ಅದರ ಹೆಗ್ಗಳಿಕೆ.

ಅಷ್ಟರಲ್ಲಿ ಗುಮಾಸ್ತೆಯ ಫೋನು ಹೊಡೆದುಕೊಂಡಿತು. ಕೇಳುತ್ತಾ ಕೇಳುತ್ತಾ ಅವರ ಮುಖ ಬಿಳಿಚಿಕೊಂಡಿತು. “ನಮ್ಮವರು ಕಣಮ್ಮಾ. ನೀವು ತೀರಿಕೊಂಡಿದೀರಿ, ಪಿಂಚಣಿ ನಿಂತಿದೆ ಅಂತ ಮೆಸೇಜ್ ಬಂದಿದೆಯಂತೆ. ಅಭ್ಯಾಸ ಮಾಡಿದ್ರೂ ಮೆಸೇಜ್ ಹೋಗತ್ತಾ?”

ಹೋಗುವುದಿಲ್ಲ. ಡಿಸೈನರ್ ಪರದೆಯ ಮೇಲ್ತುದಿಯನ್ನು ದಿಟ್ಟಿಸಿದಳು. ಅಭ್ಯಾಸದ ಪುಟದ ಗುರುತಿಗೆಂದೇ ಮೊದಲು ಅಲ್ಲೊಂದು ಕೆಂಪು ಪಟ್ಟಿ ಇತ್ತು. ಕಣ್ಣಿಗೆ ಚುಚ್ಚುತ್ತದೆ ಎಂದು ಹಟ ಹಿಡಿದು ಕಳೆದ ವಾರ ಅದನ್ನು ತೆಗೆಸಿದವಳು ಅವಳೇ. ಈಗ ಅಭ್ಯಾಸದ ಪುಟ, ನಿಜದ ಪುಟ ಎರಡೂ ಅವಳಿಜವಳಿಯಂತಿದ್ದವು. ಬೆಳಿಗ್ಗೆ ಅವಳು ಅಭ್ಯಾಸದ್ದೆಂದು ತೆರೆದುಕೊಟ್ಟದ್ದು ನಿಜದ ಪುಟ.

“ಬೇಗ ಅಳಿಸಮ್ಮಾ, ಪಾಪ ಹೆದರ್ಕೊಂಡಿದಾರೆ.”

“ಅಳಿಸೋಕಾಗಲ್ಲ,” ಎಂದಳು ಡಿಸೈನರ್. “ಇದು ನಿಜವಾಗ್ಲೂ ದಾಖಲಾಗಿಬಿಟ್ಟಿದೆ. ತಪ್ಪು ನಂದು.”

ಗುಮಾಸ್ತೆ ಫೋನನ್ನು ಎದೆಗೆ ಒತ್ತಿ ಹಿಡಿದರು. “ಹಾಗಾದ್ರೆ ಅದರ ಕೆಳಗೆ, ಬದುಕಿದ್ದಾರೆ ಅಂತ ಬರಿ.”

ಡಿಸೈನರ್ ಕೈ ಮೌಸಿನತ್ತ ಹೋಗಿ ಅರ್ಧದಲ್ಲೇ ನಿಂತಿತು.

“ಅದಕ್ಕೆ ನಾನು ಬಟನ್ನೇ ಮಾಡಿಲ್ಲಮ್ಮಾ.”