ಕಾಲುಚೀಲದಲ್ಲಿ ಕಲ್ಲುಪ್ಪು

ಗಾಜಿನ ಹೊರಗಿನ ಹಿಮ ಕೆರೆದು ಮುಗಿಸಿ, ಒಳಗಿನದನ್ನು ಕೆರೆಯಲು ಕಾರಿನ ಬಾಗಿಲು ತೆಗೆದ ಕಾರ್ತಿಕೇಯನ ಕೈ ಅಲ್ಲೇ ನಿಂತಿತು. ದಿನಾ ಬೆಳಿಗ್ಗೆ ಮುಂದಿನ ಗಾಜಿನ ಒಳಗೆ ತೇವ ಹೆಪ್ಪುಗಟ್ಟಿ ಕಟ್ಟಿರುತ್ತಿದ್ದ ಬಿಳಿ ಪೊರೆ ಇವತ್ತು ಇರಲೇ ಇಲ್ಲ. ಡ್ಯಾಶ್‌ಬೋರ್ಡಿನ ಮೇಲೆ ಬೂದು ಬಣ್ಣದ ಉಣ್ಣೆಯ ಕಾಲುಚೀಲವೊಂದು ಹೊಟ್ಟೆ ಉಬ್ಬಿಸಿಕೊಂಡು ಮಲಗಿತ್ತು. ಮನೆಯೆಲ್ಲ ಹುಡುಕಿದರೂ ಅದು ಸಿಗದೆ ಅವನು ಎಡಗಾಲಿಗೆ ಕರಿಯದೊಂದನ್ನು ಹಾಕಿಕೊಂಡು ಬಂದಿದ್ದ.

“ಏನೇ ಇದು, ಊರ್ಮಿಳಾ?”

“ಕಲ್ಲುಪ್ಪು,” ಎಂದಳು ಡ್ರೈವಿಂಗ್ ಟೆಸ್ಟಿಗೆ ಹೊರಟಿದ್ದ ಹೆಂಡತಿ, ಕೈಗವಸು ಏರಿಸುತ್ತ. “ಕುಂದಾಪುರದ ಮಳೇಲಿ ಭರಣಿ ಮುಚ್ಚೋದು ಮರೆತ್ರೆ ಉಪ್ಪೆಲ್ಲ ನೀರಾಗ್ತಿತ್ತು. ಅಲ್ಲಿ ತೇವ ಕುಡಿಯೋದು ಇಲ್ಲೂ ಕುಡೀಲಿ ಅಂತ ರಾತ್ರಿ ಇಟ್ಟೆ. ಇವತ್ತಾದ್ರೂ ಲೇಟಾಗ್ಬಾರ್ದಲ್ಲ.”

ಈ ಹಿಮನಾಡಿನ ಶೋವ್ಡೆ ಪಟ್ಟಣದ ಎಂಜಿನ್ ಕಾರ್ಖಾನೆಯ ಎಂಜಿನಿಯರ್ ಕಾರ್ತಿಕೇಯ ಎರಡು ಚಳಿಗಾಲದಿಂದ ಹಿಮ ಕರಗಿಸುವ ಬಗೆಬಗೆಯ ಸ್ಪ್ರೇ ಬಾಟಲಿಗಳನ್ನು ನಂಬಿ ಕೂತಿದ್ದವನು. ಕಾಲುಚೀಲವನ್ನು ಒತ್ತಿ ನೋಡಿದ. ಉಪ್ಪು ಒದ್ದೆಯಾಗಿ ಭಾರವಾಗಿತ್ತು. ತಿರುಗಿ ನೋಡಿದ, ದೂರದ ಹಿಂಬದಿ ಗಾಜು ಮಾತ್ರ ಇನ್ನೂ ಬೆಳ್ಳಗಿತ್ತು. ಸೀಟಿನ ಅಂಚಿಗೆ ಕುಳಿತು, ಆ ಕೊರೆಯುವ ಚಳಿಯಲ್ಲಿ ಬಲಗಾಲಿನ ಬೂಟು ಬಿಚ್ಚಿದ. ಜೋಡಿಯ ಇನ್ನೊಂದು ಬೂದು ಕಾಲುಚೀಲವನ್ನು ಎಳೆದು ಅವಳತ್ತ ಚಾಚಿದ.

“ತಗೋ, ಹಿಂದಿನ ಗಾಜಿಗೆ.”