ಹೊಸ್ತಿಲ ಮೇಲಿನ ಒಡಪು

ಒಂದಾನೊಂದು ಕಾಲದಲ್ಲಿ, ಅಂದರೆ ಹೋದ ಶ್ರಾವಣದಲ್ಲಿ, ಬೆಟಗೇರಿಯಲ್ಲಿ ಒಂದು ಹೊಸ ಮನೆಯಿತ್ತು. ಆ ಮನೆಯ ಬಾಗಿಲು ಕಾಯುತ್ತಿದ್ದವರು ಕಥೆಯೊಳಗಿನ ರಕ್ಕಸಿಯರಲ್ಲ, ನೇಕಾರ ಗೋಣೆಪ್ಪನ ತಂಗಿಯರಾದ ಕಾಂಚನಾ ಮತ್ತು ಶೈಲಾ. ಅಣ್ಣನೇ ನೇಯ್ದ ಸೀರೆಯೊಂದನ್ನು ಬಾಗಿಲಿಗೆ ಅಡ್ಡ ಹಿಡಿದು ನಿಂತಿದ್ದರು. ಹೊಸ್ತಿಲ ಈಚೆ ತುಂಬಿದ ಕೊಡವನ್ನು ಸೊಂಟದ ಮೇಲಿಟ್ಟುಕೊಂಡು ಗೋಣೆಪ್ಪನ ಹೆಂಡತಿ ಅಮೃತವ್ವ. ಅವಳ ಹಿಂದೆ ಗೃಹಪ್ರವೇಶದ ಊಟಕ್ಕೆ ಬಂದ ಓಣಿಗೆ ಓಣಿಯೇ, ಹಸಿದುಕೊಂಡು.

"ಒಡಪು ಹಾಕಿ ಗಂಡನ ಹೆಸರ ಹೇಳು ವೈನಿ, ಒಳಗ ಬಾ," ಎಂದಳು ಕಾಂಚನಾ.

"ನಮ್ಮಣ್ಣ ಕಟ್ಟಿಕೊಡೋತನಕ ಹೇಳಂಗಿಲ್ಲ. ಮದಿವಿ ದಿನಾನ ಮಾತಾಗೈತಿ," ಎಂದಳು ಅಮೃತವ್ವ. ಎಲ್ಲರ ಕಣ್ಣೂ ಅವಳ ಪಕ್ಕದಲ್ಲಿದ್ದ, ಮುಂಬೈಯಿಂದ ಬಂದ ದಾವಲಸಾಬರ ಮೇಲೆ ಬಿದ್ದವು.

ಮಾತಾಗಿದ್ದು ನಿಜ. ಲಕ್ಷ್ಮೇಶ್ವರದಲ್ಲಿ ಅಮೃತವ್ವನ ತವರೂ ದಾವಲಸಾಬರ ಮನೆಯೂ ಗೋಡೆಗೆ ಗೋಡೆ ಹತ್ತಿದವು. ಮದುಮಗಳು ಅಮೃತವ್ವ ಗಂಡನ ಮನೆಯ ಬಾಗಿಲಲ್ಲಿ ಹೀಗೇ ಸಿಕ್ಕಿಬಿದ್ದಿದ್ದಳು. ಎರಡು ಸಾಲಿನ ಪ್ರಾಸದಲ್ಲಿ ಗಂಡನ ಹೆಸರು ಹೆಣೆದು ಹೇಳಲು ಬಾರದೆ ಕಣ್ಣೀರಿಟ್ಟಳು. ಆಗಷ್ಟೇ ಉರ್ದು ಗಜಲು ಕಟ್ಟಿ ತಮಗೆ ತಾವೇ 'ಮಾಯೂಸ್ ಲಕ್ಷ್ಮೇಶ್ವರಿ', ಅಂದರೆ ಲಕ್ಷ್ಮೇಶ್ವರದ ಹತಾಶ, ಎಂದು ಕಾವ್ಯನಾಮ ಇಟ್ಟುಕೊಂಡಿದ್ದ ದಾವಲಸಾಬರು ಎದೆ ಮುಂದೆ ಮಾಡಿ, "ನಮ್ಮ ತಂಗಿ ಒಡಪು ನಾ ಕಟ್ಟಿಕೊಡತೀನಿ, ಈಗ ಬಿಡ್ರಿ" ಎಂದರು. ಅವಳನ್ನು ಬಿಟ್ಟರು. ಇವರು ಊರನ್ನೇ ಬಿಟ್ಟರು. ಮುಂಬೈಯಲ್ಲಿ ಸಿನಿಮಾಕ್ಕೆ ಹಾಡು ಬರೆದು ಬರೆದು ಕೂದಲು ಹಣ್ಣಾಯಿತು. ಆ ಹಾಡುಗಳು ಗದಗಿನ ಆಟೋಗಳಲ್ಲೂ ಒದರುತ್ತಿದ್ದವು. ಹಾಡಿದವರು ಯಾರು, ಕುಣಿದವರು ಯಾರು ಎಂದು ಜನ ಕೇಳಿಕೊಳ್ಳುತ್ತಿದ್ದರು. ಬರೆದವರು ಯಾರೆಂದು ಒಂದು ನರಪಿಳ್ಳೆಯೂ ಕೇಳಿರಲಿಲ್ಲ. ಇತ್ತ ಅಮೃತವ್ವ ಎಲ್ಲರ ಮದುವೆ, ಕುಬಸಗಳಲ್ಲಿ "ನಮ್ಮಣ್ಣ ಬರಿಯಾಕತ್ತಾನ" ಎಂದು ಹೇಳುತ್ತಲೇ ಬಂದಳು. ಹೆಂಗಸರು ಬಾಯಿಗೆ ಸೆರಗು ಹಚ್ಚಿ ನಗುತ್ತಲೇ ಬಂದರು.

"ಟ್ಯೂನ್ ಏನೈತಿ?" ದಾವಲಸಾಬರು ರೂಢಿಯಂತೆ ಕೇಳಿದರು.

"ಕೊಡ ಭಾರ ಆಗೈತಿ. ಅದ ಟ್ಯೂನು."

"ಸಿಚುಯೇಶನ್?"

"ಹೊಸ್ತಿಲದಾಗ ನಿಂತೀನಲ್ಲೋ ಅಣ್ಣಾ, ಕಾಣವಲ್ದೇನು?"

"ಹೀರೋ ಯಾರು?"

"ಅದನ್ನ ನಾ ಬಾಯಿಬಿಟ್ಟು ಹೇಳಂಗಿಲ್ಲಂತನ ಇಷ್ಟೆಲ್ಲ ನಡದೈತಿ."

ದಾವಲಸಾಬರು ಕಣ್ಣು ಮುಚ್ಚಿದರು. ಗಾಳಿಯಲ್ಲಿ ಬೆರಳಾಡಿಸಿದರು. ಕಡೆಗೆ ಅವಳ ಕಿವಿಯ ಹತ್ತಿರ ಬಾಗಿ ಒಂದೊಂದೇ ಸಾಲು ಹೇಳಿಕೊಟ್ಟರು. ಅವಳು ದನಿ ಎತ್ತಿ ಒಪ್ಪಿಸಿದಳು:

"ಚಂದ್ರಾಮ ನಿಂತು ಕೇಳತಾನ, ಈ ಬೆಳಕು ಯಾರ ಮನಿಯದು;
ಮಾಯೂಸ್ ಇದ್ದಲ್ಲಿ ಬೆಳಕು..."

ಅಲ್ಲಿಗೆ ಅಮೃತವ್ವನ ನಾಲಿಗೆ ನಿಂತಿತು. ಕೊಡ ತುಳುಕಿತು. "ಅಣ್ಣಾ, ಇದು ನಿನ್ನ ಹೆಸರಲ್ಲೋ?"

ಓಣಿ ಒಂದು ಗಳಿಗೆ ಉಸಿರು ಹಿಡಿಯಿತು. ಆಮೇಲೆ ಹೊಟ್ಟೆ ಹಿಡಿಯಿತು. "ಹೊಸಾ ಮನಿಗೆ ಗಂಡನ್ನೂ ಹೊಸಾಂವನ್ನ ತಂದಿಯೇನ ವೈನಿ?" ಎಂದು ಶೈಲಾ ಸೀರೆಯ ತುದಿಯಲ್ಲೇ ಕಣ್ಣೊರೆಸಿಕೊಂಡಳು.

ದಾವಲಸಾಬರ ಮುಖ ಸುಣ್ಣವಾಯಿತು. "ಗಜಲಿನ ಕಡೀ ಸಾಲಿನಾಗ ಕಟ್ಟಿದಾಂವನ ಹೆಸರ ಬರಬೇಕವ್ವ, ಅದು ರಿವಾಜು. ನಾಲಿಗಿ ತಾನ ಹೊಳ್ಳಿತು."

"ಒಡಪಿನಾಗ ಗಂಡನ ಹೆಸರ ಬರಬೇಕು, ಇದು ನಮ್ಮ ರಿವಾಜು. ನಿಂದು ತಗಿ, ಅವರದು ಹಾಕು."

"ಹಾಕಿದ್ರ ಸಾಲಿನ ನಡಿಗಿ ಕೆಡತೈತಿ."

"ನನ್ನ ನಡಾ ಕೆಟ್ಟೈತಿ."

ತೆಗೆಯುವುದು ಅಷ್ಟು ಸುಲಭವಿರಲಿಲ್ಲ. ಸಿನಿಮಾ ಹಾಡಿಗೆ ಕಡೆಯ ಸಾಲೆಂಬುದೇ ಇಲ್ಲ. ಪಲ್ಲವಿಯೇ ಮತ್ತೆ ಬಂದು, ಅದರ ಮೇಲೆ ಡೋಲು ಬಡಿದು ಮುಗಿಸಿಬಿಡುತ್ತಾರೆ. ಎಷ್ಟೋ ವರ್ಷದ ಮೇಲೆ ಅವರ ಹೆಸರು ತಾನಾಗಿ ಒಂದು ಸಾಲಿನೊಳಗೆ ಬಂದು ಕುಳಿತಿತ್ತು. ಕುಳಿತದ್ದು ಬೇರೆಯವರ ಹೆಂಡತಿಯ ಬಾಯಲ್ಲಿ.

ಹಿತ್ತಲಿನಿಂದ ಗೋಣೆಪ್ಪನ ದನಿ ಬಂತು. "ಹೋಳಿಗಿ ಆರಾಕತ್ತಾವು, ತುಪ್ಪ ಗಟ್ಟಿ ಆಗಾಕತ್ತೈತಿ. ಹೆಸರ ನೀವು ಹೇಳತೀರೋ, ನಾನ ಬಂದು ಹೇಳಲೋ?"

ದಾವಲಸಾಬರು ನಿಟ್ಟುಸಿರಿಟ್ಟು ಚಂದ್ರಾಮನನ್ನು ಕೈಬಿಟ್ಟರು. ಮತ್ತೆ ಬಾಗಿ ಪಿಸುಗುಟ್ಟಿದರು. ಅಮೃತವ್ವನ ಕೆನ್ನೆ ಮದುಮಗಳದಂತೆ ಕೆಂಪಾಯಿತು. ಆದರೆ ದನಿ ಓಣಿಯ ಆ ತುದಿಗೆ ಮುಟ್ಟಿತು:

"ಹೊಸಾ ಮನಿ, ಹೊಸಾ ಒಲಿ, ಹೋಳಿಗಿ ಮ್ಯಾಲ ತುಪ್ಪ;
ನನ್ನ ಬಾಳಿಗೆ ಸೆರಗು ನೇದಾಂವ ನೇಕಾರ ಗೋಣೆಪ್ಪ."

ಸೀರೆ ಕೆಳಗಿಳಿಯಿತು. ಅಮೃತವ್ವ ಬಲಗಾಲಿಟ್ಟು ಒಳಗೆ ನಡೆದಳು. ಅವಳ ಹಿಂದೆ ಓಣಿ ನುಗ್ಗಿತು.

ಕಟ್ಟೆಯ ಮೇಲೆ ಕುಳಿತಿದ್ದ ಮುದುಕಿ ಕರಿಯವ್ವ ಮಾತ್ರ ಏಳದೆ ಕೇಳಿದಳು. "ಒಡಪು ಭಾಳ ಚಲೋ ಐತೆವ್ವ. ಯಾರು ಕಟ್ಟಿದ್ದು?"

ಒಂದು ಕಾಲಿನ ಚಪ್ಪಲಿ ಕಳಚಿದ್ದ ದಾವಲಸಾಬರು ಹಾಗೇ ನಿಂತುಬಿಟ್ಟರು. ಟೋಪಿ ಸರಿಮಾಡಿಕೊಂಡರು. ಗಂಟಲು ಸರಿಮಾಡಿಕೊಂಡರು.

ಅಷ್ಟರಲ್ಲಿ ಕರಿಯವ್ವ ತಾನೇ ಕೈಯಾಡಿಸಿದಳು. "ಯಾರೇನು ಕಟ್ಟತಾರ, ಬಿಡು. ಹಳೇದಿದು. ನಮ್ಮೂರು ಹಮ್ಮಿಗ್ಯಾಗ ನಮ್ಮವ್ವನೂ ಇದನ್ನ ಹೇಳತಿದ್ಲು, ಅಕಿ ಅವ್ವನೂ ಇದನ್ನ ಹೇಳತಿದ್ಲು. ಹೆಸರಷ್ಟ ಬ್ಯಾರೆ."

ಒಳಗಿನಿಂದ ಅಮೃತವ್ವ ಏನೋ ಹೇಳಲು ಬಾಯಿ ತೆರೆದಳು. ದಾವಲಸಾಬರು ಬೇಡವೆಂದು ತಲೆಯಾಡಿಸಿದರು. ಇನ್ನೊಂದು ಚಪ್ಪಲಿಯನ್ನೂ ಕಳಚಿ, ಪಂಕ್ತಿಯ ಕೊನೆಯಲ್ಲಿ ಕುಳಿತು, ಎಲೆಯನ್ನು ಮುಂದಕ್ಕೆ ಸರಿಸಿದರು.

"ತುಪ್ಪ ಜರಾ ಜಾಸ್ತಿನ ಹಾಕವ್ವ."